ಒಂದೇ ಆಜ್ಞೆ, ಎರಡು ಅರ್ಥ

ಕಾಶಿಯಲ್ಲಿರುವ ತನ್ನ ಗೆಳೆಯನಿಗೆ ಕನ್ನಡಿಗನೊಬ್ಬನು ‘ಒಳ್ಳೆಯ ಉಪನ್ಯಾಸವೊಂದಿದ್ದರೆ ಕಳುಹಿಸಿಕೊಡು’ ಎಂದು ಪತ್ರ ಬರೆದನೆಂದು ಭಾವಿಸೋಣ. ಇವನಿಗೆ ಬೇಕಾದುದು ಸಭೆಯಲ್ಲಿ ಓದಬಹುದಾದ ನಾಲ್ಕು ಪುಟದ ಭಾಷಣ. ಅಂಚೆಯಲ್ಲಿ ಬಂದು ಬೀಳುವುದು ನಾನೂರು ಪುಟದ ಕಾದಂಬರಿ! ಗೆಳೆಯನದು ತಪ್ಪೆನ್ನುವಂತಿಲ್ಲ. ಹಿಂದಿಯಲ್ಲಿ ಉಪನ್ಯಾಸವೆಂದರೆ ಕಾದಂಬರಿಯೇ. ನಮ್ಮಲ್ಲಿ ‘ಶಿಕ್ಷೆ’ ಎಂದರೆ ದಂಡನೆ, ಅವರಲ್ಲಿ ವಿದ್ಯೆ. ನಮ್ಮ ‘ಅವಕಾಶ’ ಸಂದರ್ಭಾನುಕೂಲ, ಅವರದು ರಜೆ. ಪತ್ರದಲ್ಲಿ ಗೆಳೆಯನಿಗೆ ಏನೇನೂ ತಿಳಿಯದ ಅಚ್ಚಗನ್ನಡದ ಮಾತಿದ್ದಿದ್ದರೆ ಅವನು ‘ಹೀಗೆಂದರೇನು?’ ಎಂದು ಮರುಟಪಾಲಿನಲ್ಲಿ ಕೇಳುತ್ತಿದ್ದನು. ವಿಷಯ ಅಲ್ಲಿಗೇ ಇತ್ಯರ್ಥವಾಗುತ್ತಿತ್ತು. ತಿಳಿಯದ ಮಾತು ಪ್ರಶ್ನೆಯನ್ನು ಹುಟ್ಟಿಸುತ್ತದೆ. ತಿಳಿದಂತೆ ತೋರುವ ಮಾತು ಮಾತ್ರ ಯಾರನ್ನೂ ಎಚ್ಚರಿಸದೆ ಬೇರೆ ದಾರಿಗೆ ಒಯ್ಯುತ್ತದೆ.

ಮನುಷ್ಯರಿಗಿರುವ ಈ ತೊಡಕು ಗಣಕಯಂತ್ರಗಳಿಗೂ ಉಂಟೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಯಂತ್ರಕ್ಕೆ ಭಾವನೆಯಿಲ್ಲ, ಮರೆವಿಲ್ಲ. ಹೇಳಿದುದನ್ನು ಹೇಳಿದಂತೆ ಮಾಡುತ್ತದೆ ಎಂಬುದು ಲೋಕದ ನಂಬಿಕೆ. ಆ ನಂಬಿಕೆ ನಿಜವೇ ಹೌದು. ಆದರೆ ಹೇಳಿದುದನ್ನು ಯಂತ್ರದಲ್ಲಿ ಕೇಳಿಸಿಕೊಳ್ಳುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಇಂದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ರಾತ್ರಿ ಹನ್ನೊಂದಾದರೂ ಗಣಕದ ಮುಂದಿನಿಂದ ಏಳದೆ, ‘ನಿನ್ನೆ ಕಟ್ಟಿದ ತಂತ್ರಾಂಶ ಇಂದು ಕಟ್ಟುತ್ತಿಲ್ಲ’ ಎಂದು ತಲೆಗೆ ಕೈಹೊತ್ತು ಕುಳಿತಿರುವುದುಂಟು. ಅಂತಹ ಅನೇಕ ರಾತ್ರಿಗಳ ಹಿಂದೆ ಅಡಗಿರುವುದು ಈ ಕೇಳುಗನ ಪ್ರಶ್ನೆಯೇ.

ಚಿಪ್ಪಿನ ಕಥೆ

ಗಣಕದ ಅಂತರಂಗದಲ್ಲಿ ಕಾರ್ಯಾಚರಣ ವ್ಯವಸ್ಥೆಯ ತಿರುಳು ಇದೆ. ಅದರೊಡನೆ ಮನುಷ್ಯನು ನೇರವಾಗಿ ಮಾತನಾಡಲಾರನು. ನಡುವೆ ಒಬ್ಬ ದುಭಾಷಿ ಬೇಕು. ಮನುಷ್ಯನು ಅಕ್ಷರಗಳಲ್ಲಿ ಬರೆದ ಆಜ್ಞೆಯನ್ನು ಓದಿ, ಅರ್ಥಮಾಡಿಕೊಂಡು, ಕೆಲಸಕ್ಕೆ ಹಚ್ಚುವ ಈ ದುಭಾಷಿಗೆ ‘ಷೆಲ್’ ಎಂದು ಹೆಸರು. ಷೆಲ್ ಎಂದರೆ ಚಿಪ್ಪು. ತಿರುಳನ್ನು ಸುತ್ತುವರಿದಿರುವುದರಿಂದ ಆ ಹೆಸರು. ೧೯೬೦ರ ದಶಕದಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ಫ್ರಾನ್ಸಿನ ಲೂಯಿ ಪೂಜಾಂ ಎಂಬ ವಿಜ್ಞಾನಿ ಈ ಪದವನ್ನು ಬಳಕೆಗೆ ತಂದರು.

೧೯೭೧ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಮ್ಸನ್ ಅವರು ತಮ್ಮ ಯೂನಿಕ್ಸ್ ವ್ಯವಸ್ಥೆಗಾಗಿ ಒಂದು ಸರಳ ಷೆಲ್ಲನ್ನು ರಚಿಸಿದರು. ಅದರ ಹೆಸರು ಕೇವಲ ಎರಡಕ್ಷರ: ‘ಎಸ್‌ಎಚ್’. ೧೯೭೯ರಲ್ಲಿ ಯೂನಿಕ್ಸಿನ ಏಳನೆಯ ಆವೃತ್ತಿ ಹೊರಬಂದಾಗ ಅದೇ ಪ್ರಯೋಗಾಲಯದ ಸ್ಟೀಫನ್ ಬೋರ್ನ್ ಅವರ ಹೊಸ ಷೆಲ್ ಅದೇ ಹೆಸರಿನಿಂದ ಅದೇ ಪೀಠದಲ್ಲಿ ಬಂದು ಕುಳಿತಿತು. ಹೆಸರು ಹಳೆಯದು, ಆಸಾಮಿ ಹೊಸಬ. ಈ ಪದ್ಧತಿ ಮುಂದೆಯೂ ನಡೆಯಿತು. ಯೂನಿಕ್ಸ್ ಮನೆತನದ ಗಣಕಗಳಲ್ಲಿ ‘ಎಸ್‌ಎಚ್’ ಎಂಬುದು ವ್ಯಕ್ತಿಯ ಹೆಸರಾಗಿ ಉಳಿಯದೆ ಒಂದು ಹುದ್ದೆಯ ಹೆಸರಾಯಿತು. ಊರಿನ ಶಾನುಭೋಗರು ಬದಲಾದರೂ ಜನರು ‘ಶಾನುಭೋಗರ ಹತ್ತಿರ ಹೋಗು’ ಎಂದೇ ಹೇಳುತ್ತಿದ್ದಂತೆ, ಪೀಠದಲ್ಲಿ ಯಾರಿದ್ದರೂ ಕಾಗದಪತ್ರ ಹೋಗುವುದು ‘ಎಸ್‌ಎಚ್’ ಎಂಬ ವಿಳಾಸಕ್ಕೇ.

೧೯೮೯ರಲ್ಲಿ ಈ ಹುದ್ದೆಗೆ ತಕ್ಕ ಇಬ್ಬರು ಅಭ್ಯರ್ಥಿಗಳು ಕಾಣಿಸಿಕೊಂಡರು. ರಿಚರ್ಡ್ ಸ್ಟಾಲ್‌ಮನ್ ಅವರ ಗ್ನು ಯೋಜನೆಗಾಗಿ ಬ್ರಯನ್ ಫಾಕ್ಸ್ ರಚಿಸಿದ ‘ಬ್ಯಾಷ್’ ಮೊದಲನೆಯದು. ‘ಮತ್ತೊಮ್ಮೆ ಬೋರ್ನ್’ ಎಂದೂ ‘ಪುನರ್ಜನ್ಮ’ ಎಂದೂ ಕೇಳಿಸುವ ಶ್ಲೇಷೆ ಅದರ ಹೆಸರಿನಲ್ಲಿದೆ. ಕೆನೆತ್ ಆಲ್ಮ್‌ಕ್ವಿಸ್ಟ್ ರಚಿಸಿದ ‘ಆಷ್’ ಎರಡನೆಯದು. ಬ್ಯಾಷ್ ಸಕಲ ಸೌಕರ್ಯಗಳುಳ್ಳ ದೊಡ್ಡ ಬಂಗಲೆಯಂತೆ ಬೆಳೆಯಿತು. ಹೊಸ ಚಿಹ್ನೆಗಳು, ಹೊಸ ಪ್ರಯೋಗಗಳು, ಹೊಸ ಅನುಕೂಲಗಳು ವರ್ಷ ವರ್ಷವೂ ಅದರಲ್ಲಿ ಸೇರಿದುವು. ಆಷ್ ಮಾತ್ರ ಒಂದೂವರೆ ಅಂಕಣದ ಪುಟ್ಟ ಮನೆಯಾಗಿಯೇ ಉಳಿಯಿತು. ಅದನ್ನು ೧೯೯೭ರಲ್ಲಿ ಹರ್ಬರ್ಟ್ ಕ್ಸು ಎಂಬುವರು ಡೆಬಿಯನ್ ಲಿನಕ್ಸಿಗೆ ಅಳವಡಿಸಿದರು. ೨೦೦೨ರಲ್ಲಿ ಅದಕ್ಕೆ ‘ಡ್ಯಾಷ್’ ಎಂಬ ಹೆಸರಾಯಿತು. ಇದರ ಮಧ್ಯೆ, ೧೯೯೨ರಲ್ಲಿ, ‘ಪಾಸಿಕ್ಸ್’ ಎಂಬ ಅಂತರರಾಷ್ಟ್ರೀಯ ಮಾನಕವು ಷೆಲ್ ಭಾಷೆಯ ವ್ಯಾಕರಣವನ್ನು ವಿಧಿಸಿತು. ‘ಎಸ್‌ಎಚ್’ ಎಂಬ ಪೀಠದಲ್ಲಿ ಯಾರೇ ಕುಳಿತರೂ ಕನಿಷ್ಠ ಇಷ್ಟು ತಿಳಿದಿರತಕ್ಕದ್ದು ಎಂಬುದು ಅದರ ಸಾರಾಂಶ. ಅದಕ್ಕಿಂತ ಹೆಚ್ಚು ತಿಳಿದಿರಬಾರದು ಎಂದು ಮಾತ್ರ ಅದು ಹೇಳಲಿಲ್ಲ. ಅನರ್ಥದ ಬೀಜವಿದ್ದುದು ಇಲ್ಲಿಯೇ.

ಮೇಸ್ತ್ರಿ ಮತ್ತು ಅವನ ಚೀಟಿ

ತಂತ್ರಾಂಶವನ್ನು ‘ಕಟ್ಟುವುದು’ ಎಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಪಂಡಿತರು ಬರೆದ ಮೂಲಲಿಪಿಯನ್ನು ಯಂತ್ರವು ನೇರವಾಗಿ ನಡೆಸಲಾರದು. ಅದನ್ನು ಕಂಪೈಲರ್ ಎಂಬ ಅನುವಾದಕನ ಕೈಗೆ ಕೊಟ್ಟು ಯಂತ್ರಭಾಷೆಗೆ ತಿರುಗಿಸಬೇಕು. ಬಿಡಿಬಿಡಿ ತುಂಡುಗಳನ್ನು ಬೆಸೆದು ಒಂದಾಗಿಸಬೇಕು. ದೊಡ್ಡ ತಂತ್ರಾಂಶವೊಂದರಲ್ಲಿ ಇಂತಹ ಸಾವಿರಾರು ತುಂಡುಗಳಿರುತ್ತವೆ. ಯಾವುದನ್ನು ಮೊದಲು, ಯಾವುದನ್ನು ಅನಂತರ ಎಂಬ ಲೆಕ್ಕವನ್ನು ನೋಡಿಕೊಳ್ಳಲು ಒಬ್ಬ ಮೇಸ್ತ್ರಿ ಬೇಡವೇ? ಆ ಮೇಸ್ತ್ರಿಯೇ ‘ಮೇಕ್’. ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ೧೯೭೬ರಲ್ಲಿ ಅದನ್ನು ರಚಿಸಿದರು. ಅರ್ಧ ಶತಮಾನ ಕಳೆಯುತ್ತ ಬಂದರೂ ಅದು ಇನ್ನೂ ಕೆಲಸದಿಂದ ನಿವೃತ್ತವಾಗಿಲ್ಲ.

ಈ ಮೇಸ್ತ್ರಿಯ ಒಂದು ಗುಣವನ್ನು ವಾಚಕರು ನೆನಪಿನಲ್ಲಿಡಬೇಕು. ಅವನು ತಾನೇ ಇಟ್ಟಿಗೆ ಹೊರುವುದಿಲ್ಲ. ಮೇಕ್‌ಫೈಲ್ ಎಂಬ ಚೀಟಿಯಲ್ಲಿರುವ ಒಂದೊಂದು ಸಾಲನ್ನೂ ಷೆಲ್ಲಿಗೆ ಒಪ್ಪಿಸುತ್ತಾನೆ. ಅದೂ ಬಳಕೆದಾರನು ತನ್ನ ಮೆಚ್ಚಿಗೆಯಂತೆ ಇಟ್ಟುಕೊಂಡಿರುವ ಷೆಲ್ಲಿಗಲ್ಲ; ಬೇರೆ ಅಪ್ಪಣೆಯಿಲ್ಲದಿದ್ದರೆ ‘ಎಸ್‌ಎಚ್’ ಪೀಠದಲ್ಲಿರುವವನಿಗೇ. ಒಬ್ಬೊಬ್ಬರ ಅಭಿರುಚಿಗೆ ತಕ್ಕಂತೆ ಕಟ್ಟಡ ಬದಲಾಗಬಾರದೆಂಬ ಸದುದ್ದೇಶದಿಂದ ಮಾಡಿದ ಏರ್ಪಾಡಿದು. ಆದರೆ ಇದರಿಂದಲೇ ಒಂದು ವಿಚಿತ್ರ ಸಮಸ್ಯೆ ಹುಟ್ಟುತ್ತದೆ. ಕೈಯಿಂದ ಟೈಪು ಮಾಡಿದರೆ ನೆಟ್ಟಗೆ ನಡೆಯುವ ಸಾಲು ಮೇಕ್‌ಫೈಲಿನಲ್ಲಿ ಸೇರಿದೊಡನೆ ಕೆಡುತ್ತದೆ. ಅಕ್ಷರ ಅಕ್ಷರ ಹೋಲಿಸಿದರೂ ವ್ಯತ್ಯಾಸ ಸಿಗುವುದಿಲ್ಲ. ಬರೆದುದು ಒಂದೇ ಆಗಿ ಓದಿದವರು ಇಬ್ಬರಾದರೆ ವ್ಯತ್ಯಾಸ ಸಿಗುವುದಾದರೂ ಹೇಗೆ?

೨೦೦೬ರ ಅಕ್ಟೋಬರ್

ಲಿನಕ್ಸ್ ಮನೆತನದ ಬಹುಪಾಲು ವ್ಯವಸ್ಥೆಗಳಲ್ಲಿ ಬಹುಕಾಲ ‘ಎಸ್‌ಎಚ್’ ಪೀಠದಲ್ಲಿದ್ದುದು ಬ್ಯಾಷ್. ಅದು ‘ಎಸ್‌ಎಚ್’ ವೇಷ ಹಾಕಿದಾಗ ಕೆಲವು ವಿಷಯಗಳಲ್ಲಿ ಮಾನಕದಂತೆ ನಡೆದುಕೊಳ್ಳುತ್ತದೆ. ಆದರೆ ತನ್ನ ಮನೆಮಾತಿನ ವಿಶೇಷ ಪ್ರಯೋಗಗಳನ್ನು ಯಾರಾದರೂ ಬಳಸಿದರೆ ಬೇಡವೆನ್ನುವುದಿಲ್ಲ, ನಗುಮೊಗದಿಂದ ಸ್ವೀಕರಿಸುತ್ತದೆ. ಪರಿಣಾಮವೇನಾಯಿತು? ಲೋಕದ ನಾನಾ ಕಡೆಗಳಲ್ಲಿ ತಂತ್ರಾಂಶ ಬರೆಯುತ್ತಿದ್ದವರು ತಮ್ಮ ಆಜ್ಞಾಪಟ್ಟಿಗಳ ತಲೆಯ ಮೇಲೆ ‘ಇದು ಎಸ್‌ಎಚ್‌ಗೆ’ ಎಂದು ವಿಳಾಸ ಬರೆದು, ಒಳಗೆ ಬ್ಯಾಷಿನ ಮಾತನ್ನೇ ಆಡತೊಡಗಿದರು. ಎಲ್ಲವೂ ನಡೆಯುತ್ತಿದ್ದುದರಿಂದ ತಪ್ಪೆಂದು ಯಾರಿಗೂ ತೋರಲಿಲ್ಲ.

೨೦೦೬ರ ಅಕ್ಟೋಬರಿನಲ್ಲಿ ಉಬುಂಟು ಎಂಬ ಜನಪ್ರಿಯ ಲಿನಕ್ಸ್ ತನ್ನ ೬.೧೦ನೆಯ ಆವೃತ್ತಿಯನ್ನು ಹೊರತಂದಿತು. ಅದರಲ್ಲಿ ಪೀಠವನ್ನು ಬ್ಯಾಷಿನಿಂದ ತೆಗೆದು ಡ್ಯಾಷಿಗೆ ಕೊಡಲಾಗಿತ್ತು. ಕಾರಣ ಸಕಾರಣವೇ. ಗಣಕವು ಎಚ್ಚರಗೊಳ್ಳುವಾಗ ನೂರಾರು ಸಣ್ಣ ಕೆಲಸಗಳಿಗಾಗಿ ಷೆಲ್ಲನ್ನು ಮತ್ತೆ ಮತ್ತೆ ಕರೆಯಬೇಕಾಗುತ್ತದೆ. ಪ್ರತಿ ಸಲವೂ ಬಂಗಲೆಯ ಬಾಗಿಲನ್ನೆಲ್ಲ ತೆರೆಯುವುದಕ್ಕಿಂತ ಪುಟ್ಟ ಮನೆಯ ಕದ ತೆರೆಯುವುದು ಬೇಗ. ಡ್ಯಾಷಿನ ಗಾತ್ರ ಬ್ಯಾಷಿನ ಸುಮಾರು ಹತ್ತರಲ್ಲೊಂದು ಪಾಲು. ಅದು ವೇಗಿ, ಮಾನಕಕ್ಕೆ ನಿಷ್ಠ.

ಆದರೆ ಜನರು ಟೈಪು ಮಾಡುವ ಕಿಟಕಿಯಲ್ಲಿ ಹಿಂದಿನಂತೆ ಬ್ಯಾಷೇ ಇತ್ತು. ಹೊರಗೆ ಏನೂ ಬದಲಾದಂತೆ ಕಾಣಲಿಲ್ಲ. ಒಳಗೆ ಓದುಗನು ಬದಲಾಗಿದ್ದನು. ಹಿಂದಿನ ವಾರ ಸುಸೂತ್ರವಾಗಿ ಕಟ್ಟುತ್ತಿದ್ದ ತಂತ್ರಾಂಶಗಳು, ಒಂದಕ್ಷರವೂ ತಿದ್ದುಪಡಿಯಿಲ್ಲದೆ, ನಡುದಾರಿಯಲ್ಲಿ ನಿಲ್ಲತೊಡಗಿದುವು.

ತಪ್ಪಿನ ತರತಮ

ಹೀಗೆ ಕೆಡುವುದರಲ್ಲಿಯೂ ತಾರತಮ್ಯವುಂಟು. ಎಲ್ಲಕ್ಕಿಂತ ಸೌಮ್ಯವಾದುದು ತಿಳಿಯದ ಮಾತು. ಬೇರೊಂದು ಪಟ್ಟಿಯನ್ನು ಒಳಕ್ಕೆ ಓದಿಕೊಳ್ಳಲು ಬ್ಯಾಷಿನಲ್ಲಿ ‘ಸೋರ್ಸ್’ ಎಂಬ ಪದವಿದೆ. ಮಾನಕದಲ್ಲಿ ಅದೇ ಕೆಲಸಕ್ಕೆ ಕೇವಲ ಒಂದು ಚುಕ್ಕೆ. ಡ್ಯಾಷಿಗೆ ‘ಸೋರ್ಸ್’ ಎಂದರೆ ‘ಅಂತಹ ಆಜ್ಞೆ ಕಂಡುಬರಲಿಲ್ಲ’ ಎನ್ನುತ್ತದೆ. ಷರತ್ತು ಬರೆಯಲು ಬ್ಯಾಷಿನಲ್ಲಿ ಜೋಡಿ ಚೌಕಾವರಣವಿದೆ. ಡ್ಯಾಷಿಗೆ ಒಂಟಿ ಆವರಣವಷ್ಟೇ ಗೊತ್ತು. ಹಲವು ಬೆಲೆಗಳನ್ನು ಒಂದೇ ಹೆಸರಿನಲ್ಲಿ ಸರಣಿಯಾಗಿ ಇಡುವ ಬ್ಯಾಷಿನ ಕ್ರಮವನ್ನು ಕಂಡರೆ ‘ಇಲ್ಲಿ ಆವರಣಚಿಹ್ನೆಯನ್ನು ನಿರೀಕ್ಷಿಸಿರಲಿಲ್ಲ’ ಎಂದು ಕೆಲಸ ನಿಲ್ಲಿಸುತ್ತದೆ. ಇವು ಮರುಟಪಾಲಿನಲ್ಲಿ ಪ್ರಶ್ನೆ ಕೇಳುವ ಪ್ರಾಮಾಣಿಕ ಗೆಳೆಯರು.

ಎರಡನೆಯದು ಗೊಣಗಿ ಮುಂದೆ ಸಾಗುವ ಬಗೆ. ಎರಡು ಪದಗಳು ಒಂದೇ ಆಗಿವೆಯೇ ಎಂದು ನೋಡಲು ಮಾನಕದಲ್ಲಿ ಒಂದು ಸಮಚಿಹ್ನೆ ಸಾಕು. ಬ್ಯಾಷಿನಲ್ಲಿ ಎರಡು ಬರೆದರೂ ನಡೆಯುತ್ತದೆ. ಡ್ಯಾಷು ಎರಡನ್ನು ಕಂಡರೆ ‘ಇದೆಂತಹ ಚಿಹ್ನೆ’ ಎಂದು ಒಂದು ಸಾಲು ಗೊಣಗುತ್ತದೆ. ಷರತ್ತು ಸುಳ್ಳಾಯಿತೆಂದು ಭಾವಿಸಿ ಮುಂದಕ್ಕೆ ಹೋಗುತ್ತದೆ. ಪರದೆಯ ಮೇಲೆ ಸಾವಿರಾರು ಸಾಲುಗಳು ಹರಿಯುತ್ತಿರುವಾಗ ಆ ಒಂದು ಗೊಣಗಾಟವನ್ನು ಕಂಡವರಾರು? ತಂತ್ರಾಂಶ ಕಟ್ಟಿ ಮುಗಿಯುತ್ತದೆ. ಅದರ ಒಂದು ಅಂಗ ಮಾತ್ರ ಇರುವುದಿಲ್ಲ.

ಮೂರನೆಯದೇ ಘೋರವಾದುದು: ಒಂದೇ ಮಾತಿಗೆ ಇಬ್ಬರಲ್ಲಿ ಎರಡು ಅರ್ಥ. ತಂತ್ರಾಂಶ ಕಟ್ಟುವ ಮುನ್ನ ಬೇಕಾದ ಉಪಕರಣ ಗಣಕದಲ್ಲಿದೆಯೇ ಎಂದು ವಿಚಾರಿಸುವುದು ವಾಡಿಕೆ. ವಿಚಾರಣೆಯ ಮಾತುಗಳು ಪರದೆಯ ಮೇಲೆ ಬೀಳದಿರಲೆಂದು ಅವನ್ನು ಕಸದ ಬುಟ್ಟಿಗೆ ತಿರುಗಿಸುತ್ತಾರೆ. ಇದಕ್ಕಾಗಿ ಬ್ಯಾಷಿನಲ್ಲಿ ‘ಮತ್ತು’ ಚಿಹ್ನೆಗೆ ಬಾಣದ ಚಿಹ್ನೆಯನ್ನು ಅಂಟಿಸಿ ಬರೆಯುವ ಸಂಕ್ಷೇಪವಿದೆ. ಆದರೆ ಹಳೆಯ ವ್ಯಾಕರಣದಲ್ಲಿ ‘ಮತ್ತು’ ಚಿಹ್ನೆಗೆ ಬೇರೆಯೇ ಅರ್ಥ: ‘ಈ ಕೆಲಸವನ್ನು ಹಿನ್ನೆಲೆಯಲ್ಲಿ ಮಾಡುತ್ತಿರು, ನಾನು ಕಾಯುವುದಿಲ್ಲ.’ ಅಲ್ಲಿಗೆ ಒಂದು ಆಜ್ಞೆ ಮುಗಿಯಿತು. ಉಳಿದ ಬಾಣದ ಚಿಹ್ನೆ ಇನ್ನೊಂದು ಸ್ವತಂತ್ರ ಆಜ್ಞೆಯಾಗುತ್ತದೆ: ‘ಕಸದ ಬುಟ್ಟಿಯನ್ನು ತೆರೆ.’ ಕಸದ ಬುಟ್ಟಿಯನ್ನು ತೆರೆಯುವುದರಲ್ಲಿ ಸೋಲುವವರುಂಟೇ? ಅದು ಯಾವಾಗಲೂ ಜಯವೇ. ಆದುದರಿಂದ ‘ಉಪಕರಣ ಇದೆಯೇ?’ ಎಂಬ ಪ್ರಶ್ನೆಗೆ ಡ್ಯಾಷು ಸದಾಕಾಲವೂ ‘ಇದೆ’ ಎಂದೇ ಉತ್ತರ ಕೊಡುತ್ತದೆ! ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು. ಇಲ್ಲದ ಉಪಕರಣವನ್ನು ನಂಬಿ ಕಟ್ಟಡ ಮೇಲೇಳುತ್ತದೆ. ಎಷ್ಟೋ ಹೊತ್ತಿನ ಮೇಲೆ, ಎಲ್ಲಿಯೋ ದೂರದಲ್ಲಿ ಕುಸಿಯುತ್ತದೆ.

ಇದೇ ಜಾತಿಯ ಇನ್ನೊಂದು ನಿದರ್ಶನ ‘ಎಕೋ’ ಎಂಬ ಆಜ್ಞೆ. ಕೊಟ್ಟ ಮಾತನ್ನು ಹಾಗೆಯೇ ಮರುನುಡಿಯುವುದು ಅದರ ಕೆಲಸ. ಮಾತಿನ ನಡುವೆ ಹಿಂಬಾಗಿದ ಗೆರೆಯೂ ಒಂದು ವಿಶಿಷ್ಟ ಅಕ್ಷರವೂ ಬಂದರೆ ಬ್ಯಾಷು ಅವನ್ನು ಸಾಮಾನ್ಯವಾಗಿ ಇದ್ದಂತೆಯೇ ಬರೆಯುತ್ತದೆ. ಡ್ಯಾಷು ಅದನ್ನು ‘ಹೊಸ ಸಾಲು’ ಎಂಬ ಸೂಚನೆಯೆಂದು ತಿಳಿದು ಸಾಲನ್ನೇ ಮುರಿಯುತ್ತದೆ. ಮೇಕ್‌ಫೈಲು ಎಕೋ ಮೂಲಕ ‘ಸಿ’ ಭಾಷೆಯ ಮೂಲಲಿಪಿಯನ್ನು ಬರೆಯಿಸುತ್ತಿದ್ದರೆ, ಉದ್ಧರಣಚಿಹ್ನೆಗಳ ನಡುವಿನ ವಾಕ್ಯ ಎರಡು ತುಂಡಾಗುತ್ತದೆ. ಆಗ ದೂರು ಹೇಳುವವನು ಷೆಲ್ಲಲ್ಲ, ಕಂಪೈಲರ್: ‘ಉದ್ಧರಣಚಿಹ್ನೆ ಮುಚ್ಚಿಲ್ಲ.’ ಕೆಲಸಗಾರನು ಕಂಪೈಲರನ್ನು ಬದಲಾಯಿಸುತ್ತಾನೆ, ಮೂಲಲಿಪಿಯನ್ನು ಜಾಲಾಡುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಪತ್ತೆ ಹಚ್ಚುವ ಬಗೆ

ಇಂತಹ ಸಂದರ್ಭದಲ್ಲಿ ಅನುಭವಿಗಳು ಅನುಸರಿಸುವ ಕ್ರಮ ಕುಶಲ ವೈದ್ಯನ ಕ್ರಮದಂತಿರುತ್ತದೆ. ಪರದೆಯ ಕೊನೆಯಲ್ಲಿರುವ ದೊಡ್ಡ ಕೂಗಿಗೆ ಅವರು ಮನಸೋಲುವುದಿಲ್ಲ. ಮೇಲಕ್ಕೆ ಸರಿಸಿಕೊಂಡು ಹೋಗಿ ಮೊಟ್ಟಮೊದಲ ಗೊಣಗಾಟ ಯಾವುದೆಂದು ಹುಡುಕುತ್ತಾರೆ. ನೋವು ಕಾಣಿಸಿದ ಕಡೆಯಲ್ಲಿಯೇ ರೋಗವಿರಬೇಕೆಂಬ ನಿಯಮವಿಲ್ಲ.

ಅನಂತರ ಪೀಠದಲ್ಲಿ ಯಾರಿದ್ದಾರೆಂಬುದನ್ನು ನೋಡುತ್ತಾರೆ. ‘ಬಿನ್’ ಎಂಬ ಕೋಶದಲ್ಲಿ ‘ಎಸ್‌ಎಚ್’ ಎಂಬ ಹೆಸರು ಸಾಮಾನ್ಯವಾಗಿ ಒಂದು ಕೈಮರವಷ್ಟೇ. ಅದು ಯಾರ ಕಡೆಗೆ ಬೆರಳು ತೋರುತ್ತಿದೆ ಎಂಬುದನ್ನು ಒಂದು ಸಣ್ಣ ಆಜ್ಞೆಯಿಂದ ತಿಳಿಯಬಹುದು. ಬಳಿಕ ಸಂಶಯದ ಸಾಲನ್ನು ತಮ್ಮ ಕಿಟಕಿಯಲ್ಲಿ ಅಲ್ಲ, ಡ್ಯಾಷಿಗೇ ಒಪ್ಪಿಸಿ ಪರೀಕ್ಷಿಸುತ್ತಾರೆ. ಅದೇ ಸಾಲು ಬ್ಯಾಷಿನಲ್ಲಿ ನಡೆದು ಡ್ಯಾಷಿನಲ್ಲಿ ಕೆಟ್ಟರೆ ಕಳ್ಳ ಸಿಕ್ಕಿದಂತೆಯೇ. ಪ್ರತಿಯೊಂದು ಆಜ್ಞೆಯನ್ನೂ ನಡೆಸುವ ಮುನ್ನ ಅದು ತನಗೆ ಹೇಗೆ ಅರ್ಥವಾಯಿತೆಂದು ಷೆಲ್ಲೇ ಬರೆದು ತೋರಿಸುವಂತೆ ಮಾಡುವ ಸೌಕರ್ಯವೂ ಇದೆ. ಎರಡು ಅರ್ಥದ ಮಾತುಗಳನ್ನು ಹಿಡಿಯಲು ಇದು ಬಹಳ ಉಪಯುಕ್ತ. ಆಜ್ಞಾಪಟ್ಟಿಯನ್ನು ಓದಿ ಬ್ಯಾಷಿನ ಮನೆಮಾತುಗಳಿಗೆಲ್ಲ ಗುರುತು ಹಾಕಿಕೊಡುವ ‘ಚೆಕ್‌ಬ್ಯಾಷಿಸಮ್ಸ್’ ಎಂಬ ಪರೀಕ್ಷಕವನ್ನು ಡೆಬಿಯನ್ ಬಳಗದವರು ಸಿದ್ಧಪಡಿಸಿದ್ದಾರೆ.

ಚಿಕಿತ್ಸೆಗೆ ಎರಡು ಸರಿಯಾದ ಮಾರ್ಗಗಳಿವೆ. ವಿಳಾಸವನ್ನು ತಿದ್ದುವುದು ಒಂದು. ಪಟ್ಟಿಯ ಮೊದಲ ಸಾಲಿನಲ್ಲಿ ಹ್ಯಾಷ್ ಚಿಹ್ನೆ, ಆಶ್ಚರ್ಯಚಿಹ್ನೆ ಬರೆದು ಮುಂದೆ ಓದಬೇಕಾದವನ ಹೆಸರನ್ನು ಸೂಚಿಸುವ ಏರ್ಪಾಡನ್ನು ಡೆನ್ನಿಸ್ ರಿಚಿ ೧೯೮೦ರಲ್ಲಿಯೇ ಕಲ್ಪಿಸಿಕೊಟ್ಟಿದ್ದರು. ಬ್ಯಾಷಿನ ಮಾತನ್ನಾಡುವವರು ಅಲ್ಲಿ ‘ಬ್ಯಾಷ್’ ಎಂದೇ ಬರೆದರೆ ತಕರಾರಿಲ್ಲ. ಮೇಕ್‌ಫೈಲಿನಲ್ಲಾದರೆ ‘ನನ್ನ ಷೆಲ್ ಬ್ಯಾಷ್’ ಎಂದು ಒಂದು ಸಾಲು ಸೇರಿಸಬೇಕು. ಭಾಷೆಯನ್ನು ತಿದ್ದುವುದು ಇನ್ನೊಂದು ಮಾರ್ಗ. ಎರಡು ಸಮಚಿಹ್ನೆಯ ಬದಲು ಒಂದು, ‘ಸೋರ್ಸ್’ ಬದಲು ಚುಕ್ಕೆ, ಎಕೋ ಬದಲು ಎಲ್ಲೆಡೆಯೂ ಒಂದೇ ರೀತಿ ವರ್ತಿಸುವ ‘ಪ್ರಿಂಟ್‌ಎಫ್’. ಬರೆಯುವಾಗ ತುಸು ಹೆಚ್ಚು ಶ್ರಮ. ಓದುವಾಗ ಎಲ್ಲರಿಗೂ ಒಂದೇ ಅರ್ಥ. ಬಾಷ್ಪವೋ ಬೆವರೋ ಇಲ್ಲದೆ ಎಷ್ಟೋ ತಂತ್ರಾಂಶಗಳು ಹೀಗೆ ನಾಲ್ಕಾರು ಅಕ್ಷರಗಳ ತಿದ್ದುಪಡಿಯಿಂದ ಗುಣವಾದುವು.

ಮೂರನೆಯ ದಾರಿಯೊಂದನ್ನು ಆಗ ಹಲವರು ಹಿಡಿದರು: ಇಡೀ ಗಣಕದ ‘ಎಸ್‌ಎಚ್’ ಪೀಠಕ್ಕೆ ಮರಳಿ ಬ್ಯಾಷನ್ನೇ ತಂದು ಕೂರಿಸುವುದು. ತಮ್ಮ ಒಂದು ತಂತ್ರಾಂಶವೇನೋ ನಡೆಯಿತು. ಆದರೆ ತಪ್ಪು ಪಟ್ಟಿಯಲ್ಲಿ ತಪ್ಪಾಗಿಯೇ ಉಳಿಯಿತು. ಅದನ್ನು ಪಡೆದ ಮುಂದಿನವನ ಮನೆಯಲ್ಲಿ ಮತ್ತೆ ತಲೆಯೆತ್ತಿತು. ನೆಗಡಿಗೆ ಮೂಗನ್ನು ಕೊಯ್ದುಕೊಂಡು, ನೆಗಡಿಯನ್ನು ನೆರೆಮನೆಗೆ ದಾಟಿಸಿದಂತೆ.

ತಪ್ಪು ಯಾರದು?

ಈ ಪ್ರಶ್ನೆಯ ಮೇಲೆ ಅಂದು ನಡೆದ ವಾಗ್ವಾದ ಕಡಮೆಯದಲ್ಲ. ‘ನಿನ್ನೆಯವರೆಗೆ ನಡೆಯುತ್ತಿದ್ದುದನ್ನು ಇಂದು ಕೆಡಿಸಿದವರು ನೀವು, ಗಣಕ ನಾಲ್ಕು ಕ್ಷಣ ಬೇಗ ಏಳುವುದಕ್ಕಾಗಿ ನಮ್ಮ ದಿನಗಳನ್ನು ಹಾಳುಮಾಡಿದಿರಿ’ ಎಂದು ಬಳಕೆದಾರರು ದೂರಿದರು. ‘ಎಸ್‌ಎಚ್ ಎಂದು ವಿಳಾಸ ಬರೆದವರಿಗೆ ಮಾನಕದಷ್ಟೇ ಭರವಸೆ, ಅದಕ್ಕೆ ಮೀರಿದುದನ್ನು ಬರೆದ ತಪ್ಪು ಬರೆದವರದು’ ಎಂಬುದು ಇನ್ನೊಂದು ಪಕ್ಷದ ಸಮಾಧಾನ. ನ್ಯಾಯಶಾಸ್ತ್ರದ ದೃಷ್ಟಿಯಿಂದ ಎರಡನೆಯ ಮಾತು ಸರಿ. ಆದರೆ ಆ ತಪ್ಪಿನ ದಂಡ ತೆತ್ತವರಲ್ಲಿ ಆಜ್ಞಾಪಟ್ಟಿಯನ್ನು ಬರೆದವರಿಗಿಂತ, ಅದನ್ನು ನಂಬಿ ಬಳಸಿದವರೇ ಹೆಚ್ಚು. ಷೆಲ್ಲುಗಳಲ್ಲಿ ಎರಡು ಜಾತಿಯಿದೆಯೆಂಬುದೇ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ.

ಉಬುಂಟುವಿನ ಮೂಲವಾದ ಡೆಬಿಯನ್ ಬೇರೆ ಹೆಜ್ಜೆಯಿಟ್ಟಿತು. ಅದು ಪೀಠವನ್ನು ಒಡನೆಯೇ ಬದಲಾಯಿಸಲಿಲ್ಲ. ಸ್ವಯಂಸೇವಕರು ಸಾವಿರಾರು ತಂತ್ರಾಂಶಗಳ ಪಟ್ಟಿಗಳನ್ನು ಶೋಧಿಸಿದರು, ಬ್ಯಾಷಿನ ಮಾತು ಸಿಕ್ಕಲ್ಲೆಲ್ಲ ಅದನ್ನು ನೋಡಿಕೊಳ್ಳುವವರಿಗೆ ದೋಷವರದಿ ಕಳುಹಿಸಿದರು, ತಿದ್ದಿಸಿದರು. ೨೦೧೧ರ ಫೆಬ್ರವರಿಯಲ್ಲಿ ಹೊರಬಂದ ೬ನೆಯ ಆವೃತ್ತಿಯಲ್ಲಿ ಡ್ಯಾಷು ಪೀಠವೇರಿದಾಗ ಗದ್ದಲವಾಗಲಿಲ್ಲ. ಉಬುಂಟು ನೋವು ತಂದು ತಪ್ಪುಗಳನ್ನು ಬೆಳಕಿಗೆ ತಂದಿತು. ಡೆಬಿಯನ್ ತಪ್ಪುಗಳನ್ನು ತಿದ್ದಿ ನೋವನ್ನು ತಪ್ಪಿಸಿತು. ಮೊದಲನೆಯದರ ನೋವು ಎರಡನೆಯದರ ಕೆಲಸವನ್ನು ಹಗುರ ಮಾಡಿತೆಂಬುದನ್ನೂ ಹೇಳಬೇಕು.

೨೦೧೪ರ ಸೆಪ್ಟೆಂಬರಿನಲ್ಲಿ ಈ ಶ್ರಮಕ್ಕೆ ಯಾರೂ ನಿರೀಕ್ಷಿಸದಿದ್ದ ಫಲ ದೊರೆಯಿತು. ಬ್ಯಾಷಿನಲ್ಲಿ ೧೯೮೯ರಿಂದಲೂ ಅಡಗಿದ್ದ ‘ಷೆಲ್‌ಷಾಕ್’ ಎಂಬ ಭಾರಿ ರಕ್ಷಣಾದೋಷ ಆಗ ಬಯಲಾಯಿತು. ಹೊರಗಿನವರು ಅದರ ಮೂಲಕ ಗಣಕದೊಳಕ್ಕೆ ತಮ್ಮ ಆಜ್ಞೆಗಳನ್ನು ನುಗ್ಗಿಸಬಹುದಾಗಿತ್ತು. ‘ಎಸ್‌ಎಚ್’ ಪೀಠದಲ್ಲಿ ಡ್ಯಾಷ್ ಇದ್ದ ಗಣಕಗಳಲ್ಲಿ ಆ ನುಗ್ಗುದಾರಿಗಳಲ್ಲಿ ಅನೇಕವು ಮೊದಲೇ ಮುಚ್ಚಿಹೋಗಿದ್ದುವು. ವೇಗಕ್ಕಾಗಿ ಮಾಡಿದ ಬದಲಾವಣೆ ರಕ್ಷಣೆಯನ್ನೂ ತಂದುಕೊಟ್ಟಿತು.

ಸಮಸ್ಯೆ ಇನ್ನೂ ಪೂರ್ತಿ ಮುಗಿದಿಲ್ಲ. ಫೆಡೋರಾ ಎಂಬ ಲಿನಕ್ಸಿನಲ್ಲಿ ಇಂದಿಗೂ ‘ಎಸ್‌ಎಚ್’ ಎಂದರೆ ಬ್ಯಾಷೇ. ಆಲ್ಪೈನ್ ಎಂಬ ಪುಟ್ಟ ಲಿನಕ್ಸಿನಲ್ಲಿ ಆಷ್ ವಂಶದ ಇನ್ನೊಬ್ಬನು ಕುಳಿತಿದ್ದಾನೆ. ಆಪಲ್ ಸಂಸ್ಥೆಯು ೨೦೧೯ರಲ್ಲಿ ತನ್ನ ಗಣಕಗಳ ಕಿಟಕಿಗೆ ‘ಜ಼ಡ್‌ಷೆಲ್’ ಎಂಬ ಮೂರನೆಯ ಮನೆತನದವನನ್ನು ತಂದಿತು. ಫೆಡೋರಾದಲ್ಲಿ ಕುಳಿತು ಬರೆದವರ ಪಟ್ಟಿ ಉಬುಂಟುವಿನಲ್ಲಿ ಕುಳಿತವರ ಕೈ ಸೇರುವ ಪ್ರತಿ ಸಲವೂ ೨೦೦೬ರ ಪ್ರಸಂಗ ಸಣ್ಣ ಪ್ರಮಾಣದಲ್ಲಿ ಮರುಕಳಿಸುವ ಸಂಭವವುಂಟು.

ಹೀಗಾಗಿ, ‘ನನ್ನ ಗಣಕದಲ್ಲಿ ನಡೆಯುತ್ತದೆ’ ಎಂಬ ಮಾತು ಅನುಭವಿಗಳಿಗೆ ಸಮಾಧಾನ ತರುವುದಿಲ್ಲ. ಅವರು ಒಮ್ಮೆ ಬ್ಯಾಷಿಗೂ ಒಮ್ಮೆ ಡ್ಯಾಷಿಗೂ ಓದಿಸಿ ನೋಡುತ್ತಾರೆ. ಇಬ್ಬರೂ ಒಂದೇ ಅರ್ಥ ಹೇಳಿದ ಮೇಲೆ ಪಟ್ಟಿಯನ್ನು ಲೋಕಕ್ಕೆ ಬಿಡುತ್ತಾರೆ. ಬರೆಯುವವನಿಗೆ ತನ್ನ ಮಾತು ಸ್ಪಷ್ಟವಾಗಿರುವುದು ಸಹಜ. ಅದು ಇನ್ನೊಬ್ಬನಿಗೂ ಹಾಗೆಯೇ ಕೇಳಿಸುವುದೋ ಎಂದು ವಿಚಾರಿಸಲು ಹಿಡಿಯುವುದು ಎರಡು ನಿಮಿಷ. ಆ ಎರಡು ನಿಮಿಷಗಳನ್ನು ಉಳಿಸಿದುದರಿಂದ ಕಾಣದ ಊರಿನ ಕಾಣದ ಜನರು ಕಳೆದುಕೊಂಡ ರಾತ್ರಿಗಳಿಗೆ ಲೆಕ್ಕವಿಟ್ಟವರಿಲ್ಲ.